ಹುಳಕ್ಕೆ ಕೊಟ್ಟ ತೋಪು

ಟಿಂಚರಿನ ವಾಸನೆ ಬಂದರೆ ಈಗಲೂ ನನ್ನ ಎಡಗಣ್ಣು ಅಪ್ಪಣೆ ಕೇಳದೆ ಮುಚ್ಚಿಕೊಳ್ಳುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಬೀಜಾಡಿಯ ಮನೆಯಂಗಳದಲ್ಲಿ ಅಮ್ಮಮ್ಮ ತೆಂಗಿನ ಮಡಲು ನೇಯುತ್ತಿದ್ದರು. ನೆನೆಸಿ ರಾಶಿ ಹಾಕಿದ್ದ ಮಡಲೊಂದನ್ನು ನಾನು ಎತ್ತಿದೆ. ಅಡಿಯಲ್ಲಿದ್ದ ಕಪ್ಪು ಹುಳವೊಂದು ಹಿಂಬದಿಯಿಂದ ‘ಟಪ್’ ಎಂದು ಟಿಂಚರಿನಂಥ ವಾಸನೆಯ ಬಿಸಿ ಹೊಗೆ ಹಾರಿಸಿತು. ಬಗ್ಗಿ ನೋಡುತ್ತಿದ್ದ ನನ್ನ ಎಡಗಣ್ಣು ಧಗಧಗ ಉರಿದು, ಲೋಕವೇ ಮಸುಕಾಯಿತು. ಕಣ್ಣು ಹೋಯಿತೆಂದು ಕಿರುಚಿದೆ.

ಜಗಲಿಯಲ್ಲಿದ್ದ ಅಜ್ಜಯ್ಯ ಗಂಭೀರವಾಗಿ ತೀರ್ಪಿತ್ತರು: “ಹೆದರ್ಬೇಡ ಮಗಾ. ದೇವ್ರ್ ಎಂತದನ್ನೂ ಸುಮ್ನೆ ಮಾಡುದಿಲ್ಲ. ಅಷ್ಟ್ ಸಣ್ಣ ಹುಳಕ್ಕೂ ಒಂದ್ ತೋಪು ಕೊಟ್ಟಿದ, ಕಾಣ್.”

ಹಾಗಾದರೆ ಅದನ್ನು ನನ್ನ ಕಣ್ಣಿಗೆಂದೇ ಕೊಟ್ಟದ್ದೋ ಎಂದು ನನ್ನ ಅಳು ಇಮ್ಮಡಿಯಾಯಿತು.

“ಹ್ವಾಯ್, ಹೆಣ್ಣಿಗ್ ಕಣ್ಣ್ ಕೊಟ್ಟದ್ದ್ ಕಾಂಬುಕೋ, ತೋಪಿಗೆ ಗುರಿ ಆಪುಕೋ? ನಿಮ್ ದೇವ್ರನ್ನೇ ಕೇಣಿ!” ಎಂದು ಸಿಡುಕಿದ ಅಮ್ಮಮ್ಮ ಪಕ್ಕದ ಮನೆಯ ಬಾಣಂತಿಯನ್ನು ಕರೆತಂದರು. ನಮ್ಮಲ್ಲಿ ಕಣ್ಣಿಗೆ ಏನಾದರೂ ಮೊದಲ ಔಷಧ ಎದೆಹಾಲು. ಆಕೆ ನನ್ನ ಕಣ್ಣಿಗೆ ನಾಲ್ಕು ತೊಟ್ಟು ಹಿಂಡಿದಳು.

ಸ್ವಲ್ಪ ಹೊತ್ತಿಗೆ ಅಜ್ಜಯ್ಯ ಎದುರು ಕುಳಿತು, ನನ್ನ ಬಲಗಣ್ಣು ಮುಚ್ಚಿಸಿ, ಬೆರಳು ಎತ್ತಿ ಹಿಡಿದರು.

“ಎಷ್ಟ್ ಕಾಂತಿತ್, ಮಗಾ?”

ಮಸುಕು ಸರಿದು ಬೆರಳುಗಳು ಕಂಡವು. ಎಣಿಸಲು ಮಾತ್ರ ಆಗಲಿಲ್ಲ; ಅಜ್ಜಯ್ಯನ ಕೈ ಅಷ್ಟು ನಡುಗುತ್ತಿತ್ತು.