ಹುಲ್ಲಿನೊಳಗೊಂದು ಬಿಳಿ ಚುಕ್ಕಿ

ಅಕ್ಕ ಎರಡೂ ಕೈ ಚಾಚಿ ಟ್ರ್ಯಾಕ್ಟರಿನ ಮುಂದೆ ನಿಂತೇಬಿಟ್ಟಳು. ತಮ್ಮ ಗಕ್ಕನೆ ಬ್ರೇಕ್ ಒತ್ತಿದ. ಹಿಂದೆ ಹುಲ್ಲು ಕೊಯ್ಯುವ ಬ್ಲೇಡುಗಳು ಗರಗರ ತಿರುಗುತ್ತಲೇ ಇದ್ದವು.

"ಮತ್ತೇನೇ ಅಕ್ಕ? ಬೆಳಗಾಗೋದ್ರೊಳಗೆ ಮಳೆ ಹಿಡಿಯುತ್ತೆ. ಆಮೇಲೆ ಗಾಡಿ ಇಳಿಸೋ ಹಾಗಿಲ್ಲ. ಹಸುಗಳಿಗೆ ನಿನ್ನ ದುರ್ಬೀನನ್ನೇ ಮೇಯಿಸ್ತೀಯಾ?"

"ಎಡಗಡೆ, ಬೇಲಿಯಿಂದ ಈಚೆ ಏನೋ ಮಲಗಿದೆ."

ಹುಲ್ಲಿನಲ್ಲಿ ಅಡಗಿದ ಪ್ರಾಣಿ ಬ್ಲೇಡಿಗೆ ಸಿಗದಿರಲೆಂದು ಅಕ್ಕ ತಂದಿದ್ದ, ಕತ್ತಲಲ್ಲಿ ಮೈಶಾಖವನ್ನು ಬೆಳ್ಳಗೆ ತೋರಿಸುವ ದುರ್ಬೀನು ಅದು. ಇದ್ದುದರಲ್ಲಿ ಅಗ್ಗದ್ದು. ಕತ್ತಲಾದ ಮೇಲೆ ಆಗಲೇ ಎರಡು ಸಲ ಅವಳನ್ನು ಬೇಸ್ತು ಬೀಳಿಸಿತ್ತು. ಮೊದಲು ಸಿಕ್ಕಿದ್ದು ಹಗಲೆಲ್ಲ ಬಿಸಿಲು ಕುಡಿದಿದ್ದ ಒಂದು ಬಂಡೆ. ಆಮೇಲೆ ಸಿಕ್ಕಿದ್ದು ಆ ಬಂಡೆಯ ತಮ್ಮನಂಥ ಇನ್ನೊಂದು ಪುಟ್ಟ ಬಂಡೆ.

"ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗಾಯ್ತು," ಎಂದು ತಮ್ಮ ಗೊಣಗಿದ.

"ಬಂಡೆಯಾಗಿದ್ರೆ ಹೊತ್ತು ಹೋದ ಹಾಗೆ ಮಂಕಾಗ್ತಿತ್ತು. ಇದು ನಾನು ಮೊದಲು ನೋಡಿದಾಗ ಹೇಗಿತ್ತೋ ಈಗ್ಲೂ ಹಾಗೇ ಬೆಳಗ್ತಿದೆ. ಆಫ್ ಮಾಡಿ ಇಳಿ."

ತಮ್ಮ ಇಳಿದು ಟಾರ್ಚ್ ಹಾಕಿದ. ಹುಲ್ಲು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಅವನು ತಿರುಗುವಷ್ಟರಲ್ಲಿ ಅಕ್ಕ ಬಗ್ಗಿ ಹುಲ್ಲನ್ನು ಮೆಲ್ಲಗೆ ಸರಿಸಿದಳು. ಕಾಲು ಮಡಚಿ, ಕಿವಿಗಳನ್ನು ಬೆನ್ನಿಗೊತ್ತಿ, ಜಿಂಕೆಯ ಮರಿಯೊಂದು ಮುದುಡಿಕೊಂಡಿತ್ತು. ಕಣ್ಣು ತೆರೆದೇ ಇತ್ತು. ಟ್ರ್ಯಾಕ್ಟರಿನ ಚಕ್ರ ಅಲ್ಲಿಂದ ನಾಲ್ಕು ಮಾರು ದೂರದಲ್ಲಿತ್ತು.

"ಇಷ್ಟು ಸದ್ದಾದ್ರೂ ಓಡಬಾರದಾ ಇದು?" ತಮ್ಮನ ದನಿ ತಗ್ಗಿತ್ತು.

"ಕಾಲಿನ್ನೂ ಗಟ್ಟಿಯಾಗಿಲ್ಲ. ಅಲುಗಾಡದೆ ಬಿದ್ದಿರೋದೊಂದೇ ಅದಕ್ಕೆ ಗೊತ್ತಿರೋ ವಿದ್ಯೆ."

ಮನುಷ್ಯರ ವಾಸನೆ ತಗಲಬಾರದೆಂದು ಅಕ್ಕ ಎರಡೂ ಕೈತುಂಬ ಹಸಿಹುಲ್ಲು ಹಿಡಿದು, ಅದರ ನಡುವೆ ಮರಿಯನ್ನೆತ್ತಿಕೊಂಡಳು. ತಮ್ಮ ಮುಂದೆ ಬೆಳಕು ತೋರಿಸುತ್ತ ನಡೆದ. ಬೇಲಿಯಾಚೆಯ ಪೊದೆಯ ಬುಡದಲ್ಲಿ ಮರಿಯನ್ನು ಮಲಗಿಸಿ ಬಂದರು.

ತಮ್ಮ ಮತ್ತೆ ಟ್ರ್ಯಾಕ್ಟರ್ ಹತ್ತಿದ. ಹೊರಡು ಎಂದು ಅಕ್ಕ ಕೈಬೀಸಿದಳು. ಟ್ರ್ಯಾಕ್ಟರ್ ಒಂದಿಷ್ಟು ದೂರ ಸಾಗಿ ನಿಂತುಬಿಟ್ಟಿತು.

"ಅಕ್ಕಾ, ಜಿಂಕೆ ಒಂದೇ ಮರಿ ಹಾಕೋದಾ?"

"ಒಂದೊಂದ್ಸಲ ಅವಳಿ ಮರೀನೂ ಇರುತ್ತೆ. ಮಿಕ್ಕಿದ ಹುಲ್ಲೆಲ್ಲ ನೋಡಿದೀನಿ ಕಣೋ, ಏನಿಲ್ಲ. ನೀನು ಹೊಡಿ."

ದೂರದಲ್ಲೆಲ್ಲೋ ಗುಡುಗಿತು. ತಮ್ಮ ಎಂಜಿನ್ ನಿಲ್ಲಿಸಿ ಕೆಳಗಿಳಿದು ಬಂದ. ಟ್ರ್ಯಾಕ್ಟರಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಮೊದಲಿಂದ ಇನ್ನೊಂದ್ಸಲ ನೋಡೇ. ಅಲ್ಲೀತನಕ ಇದು ನಿನ್ನ ಹತ್ರಾನೇ ಇರ್ಲಿ."