ಕಲ್ಲು ಆರುವ ತನಕ

ಕುಸಿದ ಕಲ್ಲಿನ ಕ್ವಾರಿಯ ಗೋಡೆ ಇನ್ನೂ ಉದುರುತ್ತಿತ್ತು, ಕೆಳಗಿಳಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಕಲ್ಲುಪುಡಿ ಮೆತ್ತಿ ಬರಿಗಣ್ಣಿಗೆ ಎಲ್ಲವೂ ಒಂದೇ ಬಣ್ಣ. ರಕ್ಷಣಾ ತಂಡದ ಶಿವಪುತ್ರ ಡ್ರೋನ್ ಹಾರಿಸಿ, ಅದರ ಶಾಖ ಹಿಡಿಯುವ ಕ್ಯಾಮೆರಾ ಕಳಿಸಿದ ಚಿತ್ರ ನೋಡಿದ. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಗಳೆಲ್ಲ ಮನುಷ್ಯರ ಮೈಯಂತೆ ಬೆಳ್ಳಗೆ ಹೊಳೆಯುತ್ತಿದ್ದವು.

"ನಮ್ಮನಿಯವ್ರು ಕಾಣಾಕತ್ತಾರೇನ್ರಿ?" ದಂಡೆಯಲ್ಲಿ ಕೂತಿದ್ದ ನೀಲವ್ವ ಕೇಳಿದಳು. ಬೆಳಿಗ್ಗೆ ಕೆಳಗೆ ಕೆಲಸಕ್ಕಿಳಿದಿದ್ದ ಅವಳ ಗಂಡ ಕುಸಿತದ ಮೇಲೆ ಸಿಕ್ಕಿರಲಿಲ್ಲ.

"ಈಗ ಕಲ್ಲು ಯಾವ್ದು, ಮನಷ್ಯಾ ಯಾವ್ದು ಗೊತ್ತಾಗವಲ್ದು ಯಕ್ಕಾ. ಸಂಜಿಗೆ ಕಲ್ಲು ಆರತಾವ, ಅವ್ರ ಮೈ ಆರಂಗಿಲ್ಲ. ಅವಾಗ ಅವ್ರೊಬ್ರ ಬೆಳ್ಳಗ ಕಾಣ್ತಾರ."

"ಅಲ್ಲೀತನಾ?"

"ಕಾಯೂದ."

ಹೊತ್ತು ಮುಳುಗಿದ ಮೇಲೆ ಮತ್ತೆ ಹಾರಿಸಿದ. ಎಲ್ಲ ಒಂದೇ ಸಮ ಬೂದಿಬಣ್ಣ. ಬೆಳ್ಳಗಿನದು ಒಂದೂ ಇರಲಿಲ್ಲ.

"ಇಲ್ಲಿ ಯಾರೂ ಇಲ್ಲ ಯಕ್ಕಾ. ಕುಸಿಯೂಕಿಂತ ಮೊದಲ ಹೊರಗ ಹೋಗಿರ್ಬೇಕು."

ನೀಲವ್ವ ಆ ದಿನ ಮೊದಲ ಸಲ ನೀರು ಕುಡಿದಳು.

ವರದಿಗೆಂದು ಶಿವಪುತ್ರ ಮಧ್ಯಾಹ್ನದ ಚಿತ್ರದ ಮೇಲೆ ಸಂಜೆಯದನ್ನು ಇಟ್ಟು ನೋಡಿದ. ಬಂಡೆಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಮಾತ್ರ, ಅವಳು ಕೂತಿದ್ದ ದಂಡೆಯ ಕಡೆಗೆ ಮೂರು ಮಾರು ತೆವಳಿ ಬಂದಿತ್ತು.