ಎರಡನೇ ನಾಮಕರಣ

"ನಮ್ಮ ಕೀಪರ್ ಪೆನಾಲ್ಟಿ ತಡೆದದ್ದು ಅದೃಷ್ಟ, ಕಾಲಡಿ ಚೆಂಡು ಬಿಟ್ಟದ್ದು ಬಣ್ಣ!" ಎಂದು ರೇಡಿಯೋದಲ್ಲಿ ಕಾಮೆಂಟೇಟರ್ ವಾಲ್ಮೋರ್ ಅಂದಾಗ ಜುಲ್ಮಿರಾಳ ಬಾರಿನಲ್ಲಿದ್ದವರೆಲ್ಲ ರೇಡಿಯೋ ಕಡೆ ತಿರುಗಿದರು. ಅವನು ನಿಲ್ಲಿಸಲಿಲ್ಲ. "ಗೋಲ್ ಕಂಬದ ನಡುವೆ ಕರಿಯನನ್ನ ನಿಲ್ಲಿಸಬಾರದು ಅಂತ ಇಡೀ ಬ್ರೆಜಿಲ್‌ಗೆ ಗೊತ್ತು. ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಮಾತ್ರ ಗೊತ್ತಿಲ್ಲ. ಮುಂದಿನ ಭಾನುವಾರದೊಳಗೆ ಗೊತ್ತಾದ್ರೆ ಒಳ್ಳೇದು. ಕೇಳುಗರೇ, ಫೋನ್ ಮಾಡಿ, ನೀವೇನಂತೀರಿ?"

ಊರಿನ ತಂಡ ಎರಡು-ಒಂದರಿಂದ ಗೆದ್ದು ಇನ್ನೂ ಮುಕ್ಕಾಲು ಗಂಟೆ ಆಗಿರಲಿಲ್ಲ. ಮೂಲೆಯ ಮೇಜಿನಲ್ಲಿದ್ದ ಜುವೆನಾಲ್, ಬಾಯಿಗೆ ಹೋಗುತ್ತಿದ್ದ ಬಿಯರ್ ಗ್ಲಾಸನ್ನು ಕೆಳಗಿಟ್ಟ. ಗೋಲ್‌ಕೀಪರ್ ಅದೆನಿರ್ ಅವನ ಮಗ. ದೊಡ್ಡವರ ತಂಡದಲ್ಲಿ ಇದು ಮಗನ ಮೂರನೇ ಪಂದ್ಯ. ಅಧ್ಯಕ್ಷನೋ, ವಾಲ್ಮೋರನ ಕಾರ್ಯಕ್ರಮ ಕೇಳದೆ ಊಟಕ್ಕೂ ಕೂರದ ಆಸಾಮಿ. ಮಗನ ಜಾಗ ಇವತ್ತೇ ಹೋಯಿತು ಎನ್ನಿಸಿತು ಜುವೆನಾಲನಿಗೆ.

"ಇವನ ಬಾಯಿಗೆ ಹುಳ ಬೀಳ!" ಎಂದು ಮೊದಲು ಎದ್ದವನು ಮಾಂಸದ ಅಂಗಡಿಯ ಆರ್ನೋ. ಅಜ್ಜಂದಿರು ಜರ್ಮನಿಯಿಂದ ಹಡಗಿನಲ್ಲಿ ಬಂದವರು, ಸಿಟ್ಟು ಬಂದರೆ ಇವನ ಕಿವಿಯವರೆಗೂ ಕೆಂಪು. ಮೂವತ್ತು ವರ್ಷದಿಂದ ಮೈದಾನದಲ್ಲಿ ಜುವೆನಾಲನ ಪಕ್ಕ ಬಿಟ್ಟು ಬೇರೆಲ್ಲೂ ಕೂತವನಲ್ಲ. ಚರ್ಚಿನಲ್ಲಿ ಅದೆನಿರ್‌ಗೆ ಹೆಸರಿಟ್ಟು ತಲೆಗೆ ನೀರು ಹಾಕುವಾಗ ಕೂಸನ್ನು ಎತ್ತಿ ಹಿಡಿದಿದ್ದ ಧರ್ಮಪಿತನೂ ಅವನೇ. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು 'ಕೊಂಪಾದ್ರೆ', ಕೂಸಿನ ಮೂಲಕ ಆದ ನೆಂಟರು.

"ನೀನು ಮಾಡು ಫೋನು, ಕೊಂಪಾದ್ರೆ," ಎಂದ ಜುವೆನಾಲ್. "ನಾನು ಮಾಡಿದ್ರೆ 'ಅಪ್ಪ ಅಲ್ವಾ, ಉರೀತಿದೆ' ಅಂತಾನೆ. ಅದರ ಮೇಲೆ ನಾನೂ ಕರಿಯ. ನೀನು ಹೇಳಿದ್ರೆ ಕೇಳ್ತಾನೆ."

"ಇರು, ನೀರಿಳಿಸ್ತೀನಿ ಅವನಿಗೆ!"

ಆರ್ನೋ ಫೋನ್ ಹಿಡಿದು ಬೀದಿಗಿಳಿದ. ಸ್ವಲ್ಪ ಹೊತ್ತಿಗೆ ಅವನ ಗಡಸು ದನಿ ರೇಡಿಯೋದಿಂದ ಬಂದಾಗ ಬಾರಿನವರೆಲ್ಲ ಕಿವಿಯಾದರು. "ನಾಚಿಕೆ ಆಗಲ್ವೇನ್ರಿ ವಾಲ್ಮೋರ್ ನಿಮಗೆ? ಹೋದ ವರ್ಷ ನಿಮ್ಮ ಬಿಳೀ ಕೀಪರ್ ಒಂದೇ ಮ್ಯಾಚಲ್ಲಿ ಐದು ಗೋಲ್ ತಿಂದ. ಅವತ್ತು ಯಾವ ಬಣ್ಣ ಅಂತ ಹೇಳಿದ್ರಾ? ಅವತ್ತು ಬಿಸಿಲು ಕಣ್ಣಿಗೆ ಹೊಡೀತು ಅಂದ್ರಿ!" ಜನ ಮೇಜು ಕುಟ್ಟಿ ಕೇಕೆ ಹಾಕಿದರು. ಜುವೆನಾಲನ ಕಣ್ಣು ತುಂಬಿತು. ಇಂಥವನೊಬ್ಬ ಜೊತೆಗಿದ್ದರೆ ಸಾಕು ಎನಿಸಿತು.

"ಆ ಹುಡುಗನ್ನ ಎತ್ತಿ ಆಡಿಸಿದೋನು ನಾನು," ಎಂದು ಮುಂದುವರಿಸಿದ ಆರ್ನೋ. "ಅವರಪ್ಪ ನನ್ನ ಕೊಂಪಾದ್ರೆ. ಅವರು ಉಳಿದ ಕರಿಯರ ಥರ ಅಲ್ಲ ಸ್ವಾಮಿ. ಮೈ ಕಪ್ಪಾದ್ರೇನು, ಅಪ್ಪ ಮಗ ಇಬ್ಬರದೂ ಆತ್ಮ ನಮ್ಮ ಹಾಗೇ ಬಿಳಿ! ನಿಮ್ಮದಕ್ಕಿಂತ ಬಿಳಿ!"

ಬಾರು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಯಾರೋ ಬಂದು ಜುವೆನಾಲನ ಬೆನ್ನು ತಟ್ಟಿದರು, ಇನ್ಯಾರೋ ಕೈ ಕುಲುಕಿದರು. ಅವನಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಕೇಳಿದ್ದು ತಪ್ಪೇನೋ ಎಂದು ಜುಲ್ಮಿರಾಳ ಮುಖ ನೋಡಿದ. ಅವಳೂ ಅವನ ಬಣ್ಣದವಳೇ. ಒರೆಸಿದ ಗ್ಲಾಸನ್ನೇ ತಿರುತಿರುಗಿ ಒರೆಸುತ್ತಿದ್ದಳು.

ರೇಡಿಯೋದಲ್ಲಿ ವಾಲ್ಮೋರ್ ಹೊಟ್ಟೆ ತುಂಬ ನಗುತ್ತಿದ್ದ. "ಸೋತೆ ಆರ್ನೋ, ಸೋತೆ! ನನ್ನ ಮಾತು ವಾಪಸ್. ಹುಡುಗ ಮುಂದಿನ ಭಾನುವಾರವೂ ಆಡಲಿ. ಅವನಿಗೊಂದು ಹೆಸರಿಟ್ಟಿರಲಿಲ್ಲ ನಾನು, ಇವತ್ತು ಸಿಕ್ತು. ಕೇಳುಗರೇ, ಇನ್ಮೇಲೆ ನಮ್ಮ ಗೋಲ್‌ಕೀಪರ್... ಬಿಳಿಯಾತ್ಮ!"

ನಮ್ಮೂರಿನಲ್ಲಿ ವಾಲ್ಮೋರ್ ಹೆಸರಿಟ್ಟನೆಂದರೆ ಮುಗಿಯಿತು. ಹೆತ್ತವರಿಟ್ಟದ್ದು ಮತದಾರರ ಪಟ್ಟಿಗೆ ಮಾತ್ರ. ತಂಡದ ಸ್ಟ್ರೈಕರ್ 'ಕೋಳಿಕಾಲ'ನ ನಿಜವಾದ ಹೆಸರು ಅವನ ಹೆಂಡತಿಗೂ ನೆನಪಿರಲಿಕ್ಕಿಲ್ಲ. ನಾಳೆ ಪತ್ರಿಕೆಯಲ್ಲಿ ಅದೇ ಹೆಸರು, ಅಂಗಿಯ ಬೆನ್ನ ಮೇಲೂ ಅದೇ, ಸತ್ತ ದಿನದ ಸುದ್ದಿಯಲ್ಲೂ ಅದೇ.

ಆರ್ನೋ ಬೆವರೊರೆಸಿಕೊಳ್ಳುತ್ತ ಒಳಗೆ ಬಂದು ಜುವೆನಾಲನನ್ನು ಬಾಚಿ ತಬ್ಬಿದ. "ಹೆಂಗಿತ್ತು ಕೊಂಪಾದ್ರೆ? ನಮ್ಮ ಹುಡುಗನ ಜಾಗ ಉಳೀತು ನೋಡು!"

"ಏನಂದೆ ನೀನು?"

"ಇದ್ದಿದ್ದನ್ನೇ ಅಂದೆ. ಮೂವತ್ತು ವರ್ಷದಿಂದ ಮನಸ್ಸಲ್ಲಿದ್ದಿದ್ದು, ಇವತ್ತು ಬಾಯಿಗೆ ಬಂತು."

ಆರ್ನೋನ ಕಣ್ಣಿನಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ. ಪ್ರೀತಿಯೇ ಇತ್ತು. ಅದನ್ನು ಕಂಡು ಜುವೆನಾಲನಿಗೆ ಇನ್ನಷ್ಟು ಭಯವಾಯಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅದೆನಿರ್ ಬಂದ. ಸ್ನಾನದ ನೀರು ಇನ್ನೂ ಕೂದಲಲ್ಲಿತ್ತು, ಹೆಗಲಲ್ಲಿ ಕೈಗವಸಿನ ಚೀಲ. ಮೈದಾನದಿಂದ ನೇರ ಬಂದಿದ್ದ, ರೇಡಿಯೋ ಕೇಳಿರಲಿಲ್ಲ. ಬಾರಿಗೆ ಬಾರೇ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. "ಬಿಳಿಯಾತ್ಮ! ಬಿಳಿಯಾತ್ಮ!"

ಅದೆನಿರ್ ನಕ್ಕ. ತಾನೂ ಎರಡು ಚಪ್ಪಾಳೆ ತಟ್ಟಿದ. ಆಮೇಲೆ ಹಿಂದೆ ಯಾರೋ ಬಂದರೇನೋ ಎಂದು ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಖಾಲಿ ಬಾಗಿಲ ಕಡೆ ತಿರುಗಿ ನೋಡಿದ.

"ಅಪ್ಪಾ, ಯಾರು ಬಂದಿರೋದು?"